ಒಂದೇ ಕಡೆ ವಾಲಿದವರು ಕೂತು ಮಾತಾಡಿದರೆ ಏನಾಗುತ್ತದೆ?

ಸಭೆ, ಸಮಿತಿ, ವಾಟ್ಸಾಪ್ ಗುಂಪು ಎಂದು ಹಿನ್ನೆಲೆ ಬೇರೆಬೇರೆಯಾದರೂ ಈ ಸಲ ಬಂದ ಪತ್ರಗಳ ಮೂಲ ಸಂಶಯ ಒಂದೇ. ಸಾಧುವಾಗಿದ್ದ ಅಭಿಪ್ರಾಯ ಚರ್ಚೆಯಾದ ಮೇಲೆ ಖಾರವಾಗುವುದೇಕೆ? ಆ ಪತ್ರಗಳನ್ನು ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಏಳು ಜನರ ಶಿಸ್ತು ಸಮಿತಿಯಲ್ಲಿದ್ದೇನೆ. ಸಭೆಗೆ ಮುಂಚೆ ಒಬ್ಬೊಬ್ಬರನ್ನೇ ಮಾತಾಡಿಸಿದಾಗ ಎಲ್ಲರೂ ‘ಒಂದೆರಡು ತಿಂಗಳು ಅಮಾನತು ಮಾಡಿದರೆ ಸಾಕು’ ಎಂದಿದ್ದರು. ಎರಡು ಗಂಟೆ ಚರ್ಚೆಯಾದ ಮೇಲೆ ಒಂದು ವರ್ಷದ ಅಮಾನತಿಗೆ ಸರ್ವಾನುಮತ! ಯಾರೂ ದನಿ ಏರಿಸಲಿಲ್ಲ, ಒತ್ತಡ ಹಾಕಲಿಲ್ಲ. ಇದು ಹೇಗೆ ಸಾಧ್ಯ?

ಸಾಧ್ಯ ಮಾತ್ರವಲ್ಲ, ಹೀಗಾಗುವುದೇ ಹೆಚ್ಚು. ಸಮಾಜ ಮನೋವಿಜ್ಞಾನದಲ್ಲಿ ಇದಕ್ಕೆ ಗುಂಪು ಧ್ರುವೀಕರಣ ಎನ್ನುತ್ತಾರೆ. ಸದಸ್ಯರ ಸರಾಸರಿ ಅಭಿಪ್ರಾಯ ಮೊದಲೇ ಯಾವ ಕಡೆಗೆ ವಾಲಿರುತ್ತದೋ, ಚರ್ಚೆಯಾದ ಮೇಲೆ ಅದೇ ಕಡೆಗೆ ಇನ್ನಷ್ಟು ಸರಿಯುತ್ತದೆ. ಹತ್ತು ಜನ ಕೂತರೆ ಮಧ್ಯಕ್ಕೆ ಬಂದು ನಿಲ್ಲುತ್ತಾರೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಎರಡೂ ಕಡೆಯವರು ಸಮಸಮವಾಗಿದ್ದರೆ ಆ ಮಾತು ಸ್ವಲ್ಪ ಮಟ್ಟಿಗೆ ನಿಜ. ನಿಮ್ಮ ಸಮಿತಿಯಲ್ಲಿ ಏಳೂ ಜನ ‘ಶಿಕ್ಷೆ ಆಗಲೇಬೇಕು’ ಎಂಬ ಒಂದೇ ದಡದಲ್ಲಿದ್ದರು. ತಕರಾರು ಇದ್ದದ್ದು ಎಷ್ಟು ಎನ್ನುವುದರಲ್ಲಿ ಮಾತ್ರ.

ನಿಮ್ಮ ಪ್ರಕರಣಕ್ಕೆ ತೀರಾ ಹತ್ತಿರದ ಅಧ್ಯಯನವೊಂದಿದೆ. ಶ್ಕೇಡ್, ಸನ್‌ಸ್ಟೀನ್ ಮತ್ತು ಕಾನೆಮನ್ 2000ದಲ್ಲಿ ಪ್ರಕಟಿಸಿದ ಇದರಲ್ಲಿ ಅಮೆರಿಕದ 3,000ಕ್ಕೂ ಹೆಚ್ಚು ನಾಗರಿಕರನ್ನು ತಲಾ ಆರು ಜನರ 500ಕ್ಕೂ ಮಿಕ್ಕಿದ ಅಣಕು ಜ್ಯೂರಿಗಳಾಗಿ ಕೂರಿಸಿದ್ದರು. ತಪ್ಪು ಮಾಡಿದ ಕಂಪನಿಗೆ ಎಷ್ಟು ದಂಡ ಹಾಕಬೇಕೆಂದು ಮೊದಲು ಒಬ್ಬೊಬ್ಬರೇ ಬರೆದರು, ಆಮೇಲೆ ಜ್ಯೂರಿಯಾಗಿ ಚರ್ಚಿಸಿದರು. ಶಿಕ್ಷೆಯ ತೀವ್ರತೆಯನ್ನು 0ಯಿಂದ 8ರ ಅಳತೆಯಲ್ಲಿ ಕೇಳಿದಾಗ, ಕಟುವಾಗಿ ಹೊರಟ ಜ್ಯೂರಿ ಇನ್ನೂ ಕಟುವಾಯಿತು, ಮೆತ್ತಗೆ ಹೊರಟದ್ದು ಇನ್ನೂ ಮೆತ್ತಗಾಯಿತು. ಡಾಲರ್ ಮೊತ್ತವನ್ನು ಕೇಳಿದಾಗ ಮಾತ್ರ ಬಹುತೇಕ ಎಲ್ಲ ಕಡೆ ಅಂಕಿ ಮೇಲಕ್ಕೇ ಹೋಯಿತು. ನೂರಕ್ಕೆ 27 ಜ್ಯೂರಿಗಳ ತೀರ್ಪು, ಆ ಆರು ಜನರಲ್ಲಿ ಅತಿ ಹೆಚ್ಚು ಬರೆದಿದ್ದವರ ಅಂಕಿಯಷ್ಟೇ ಇತ್ತು, ಇಲ್ಲವೇ ಅದನ್ನೂ ದಾಟಿತ್ತು. ಮೇಲುಗಡೆ ಮಿತಿಯಿಲ್ಲದ ಅಳತೆಗೋಲು ಕೈಯಲ್ಲಿದ್ದರೆ ಗುಂಪು ಎಲ್ಲಿ ನಿಲ್ಲಬೇಕೆಂದು ಹೇಳುವವರೇ ಇರುವುದಿಲ್ಲ. ‘ಎಷ್ಟು ತಿಂಗಳು’ ಎಂಬ ಪ್ರಶ್ನೆಯೂ ಅಂಥದ್ದೇ. ಹಿಂದಿನ ಪ್ರಕರಣಗಳ ಶಿಕ್ಷೆಯ ಪಟ್ಟಿ ಮೇಜಿನ ಮೇಲಿದ್ದಿದ್ದರೆ ನೀವು ಒಂದು ವರ್ಷದವರೆಗೆ ಹೋಗುವುದು ಕಷ್ಟವಾಗುತ್ತಿತ್ತು.

ಪ್ರಶ್ನೆ: ಇದಕ್ಕೆ ಕಾರಣ ಏನು? ಜನ ಕುರಿಮಂದೆ ಎಂದು ಕೈತೊಳೆದುಕೊಂಡರೆ ಸಾಕೇ?

ಸಾಲದು. ಕುರಿಮಂದೆ ಎಂದರೆ ಯೋಚಿಸದೆ ಹಿಂದೆ ಹೋಗುವುದು. ಇಲ್ಲಿ ಪ್ರತಿಯೊಬ್ಬರೂ ಯೋಚಿಸುತ್ತಿರುತ್ತಾರೆ, ಸಿಕ್ಕಿದ ವಾದಗಳನ್ನು ತೂಗಿಯೇ ತೀರ್ಮಾನಕ್ಕೆ ಬರುತ್ತಾರೆ. ಎಡವಟ್ಟಾಗುವುದು ತಕ್ಕಡಿಗೆ ಬೀಳುವ ಸರಕಿನಲ್ಲಿ.

ಲೆಕ್ಕ ಹಾಕಿ ನೋಡೋಣ. ಐದು ಜನರ ಸಮಿತಿ, ಎಲ್ಲರೂ ಒಂದು ಪ್ರಸ್ತಾವದ ಪರವಾಗಿ ತುಸು ವಾಲಿದ್ದಾರೆ. ಪ್ರತಿಯೊಬ್ಬರ ತಲೆಯಲ್ಲೂ ಎರಡು ಪರ ಕಾರಣ, ಒಂದು ವಿರೋಧ ಕಾರಣ ಇದೆ ಎಂದಿಟ್ಟುಕೊಳ್ಳಿ. ಪರ ಕಾರಣಗಳು ಒಟ್ಟು ಹತ್ತು. ಅದರಲ್ಲಿ ಎರಡು ಪುನರಾವರ್ತನೆ ಎಂದು ಬಿಟ್ಟರೆ ಎಂಟು ಬೇರೆಬೇರೆ ಕಾರಣ ಉಳಿಯುತ್ತವೆ. ವಿರೋಧ ಕಾರಣಗಳು ಐದು. ಮೂವರ ತಲೆಯಲ್ಲಿರುವುದು ‘ಖರ್ಚು ಜಾಸ್ತಿ’ ಎಂಬ ಒಂದೇ ಮಾತು, ಹಾಗಾಗಿ ನಿಜಕ್ಕೂ ಮೂರು. ಆ ಮೂರರಲ್ಲಿ ಒಂದನ್ನು ಹೊತ್ತವರು ‘ಎಲ್ಲರೂ ಒಪ್ಪಿರುವಾಗ ನಾನ್ಯಾಕೆ ಅಡ್ಡಗಾಲು ಹಾಕಲಿ’ ಎಂದು ಸುಮ್ಮನಾಗುತ್ತಾರೆ. ಸಭೆ ಮುಗಿಯುವ ಹೊತ್ತಿಗೆ ಉಳಿದವರ ಕಿವಿಗೆ ಎಂಟು ಪರ, ಎರಡು ವಿರೋಧ ಬಿದ್ದಿರುತ್ತವೆ. ಬಂದಾಗ 2ಕ್ಕೆ 1 ಇದ್ದ ತಕ್ಕಡಿ ಹೋಗುವಾಗ 4ಕ್ಕೆ 1. ಯಾರೂ ಸುಳ್ಳು ಹೇಳಿಲ್ಲ, ಯಾರೂ ಮೋಸ ಮಾಡಿಲ್ಲ. ಬರ್ನ್‌ಸ್ಟೈನ್ ಮತ್ತು ವಿನೋಕರ್ 1970ರ ದಶಕದಲ್ಲಿ ಮುಂದಿಟ್ಟ ವಿವರಣೆಯ ತಿರುಳು ಇದೇ.

ಎರಡನೆಯದು ಹೋಲಿಕೆ. ಒಂದು ಮೌಲ್ಯವನ್ನು ಎಲ್ಲರೂ ಮೆಚ್ಚುತ್ತಾರೆ ಅನ್ನಿ, ಧೈರ್ಯವೋ ಶಿಸ್ತೋ ಬದ್ಧತೆಯೋ. ಅದರಲ್ಲಿ ಉಳಿದವರಿಗಿಂತ ತಾನು ಒಂದು ಕೂದಲೆಳೆ ಮುಂದಿದ್ದೇನೆ ಎಂದು ಪ್ರತಿಯೊಬ್ಬರ ಎಣಿಕೆ. ಚರ್ಚೆ ಶುರುವಾದ ಮೇಲೆ, ಉಳಿದವರೂ ತನ್ನಷ್ಟೇ ಮುಂದಿದ್ದಾರೆ ಎಂದು ಗೊತ್ತಾಗುತ್ತದೆ. ಆಗ ಹಿಂದೆ ಬೀಳಬಾರದೆಂದು ಒಂದು ಹೆಜ್ಜೆ ಮುಂದಿಡುತ್ತಾರೆ. ಎಲ್ಲರೂ ಅದನ್ನೇ ಮಾಡುವುದರಿಂದ ಸಾಲಿಗೆ ಸಾಲೇ ಮುಂದೆ ಹೋಗುತ್ತದೆ. ಇದಕ್ಕೆ ವಾದವೇ ಬೇಡ, ಉಳಿದವರು ಎಲ್ಲಿದ್ದಾರೆಂದು ತಿಳಿದರೆ ಸಾಕು. ಟೀಗರ್ ಮತ್ತು ಪ್ರುಯಿಟ್ 1967ರಲ್ಲಿ ಚರ್ಚೆಗೆ ಬಿಡದೆ ಪರಸ್ಪರರ ನಿಲುವನ್ನಷ್ಟೇ ತಿಳಿಸಿದಾಗಲೂ ಜರುಗುವಿಕೆ ಕಂಡಿತು, ಚರ್ಚೆಯಲ್ಲಿ ಕಂಡಷ್ಟು ದೊಡ್ಡದಲ್ಲ ಅಷ್ಟೆ. ಈ ಎರಡೂ ಕಾರಣಗಳು ಕೆಲಸ ಮಾಡುತ್ತವೆ, ವಾದಗಳ ಪಾಲು ಹೆಚ್ಚು ಎಂದು ಐಸೆನ್‌ಬರ್ಗ್ 1986ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ತೋರಿಸಿದರು.

ಮೂರನೆಯದು ‘ನಾವು – ಅವರು’. ಎದುರಿಗೆ ಇನ್ನೊಂದು ಗುಂಪು ಇದೆ ಎಂದಾದರೆ, ನಮ್ಮವರ ನಿಲುವು ಇದು ಎಂದು ಮನಸ್ಸು ಕಟ್ಟಿಕೊಳ್ಳುವ ಚಿತ್ರ ಸರಾಸರಿಯಲ್ಲಿ ಇರುವುದಿಲ್ಲ. ಅವರಿಂದ ಆದಷ್ಟು ದೂರ ಇರುವ ಕಡೆಗೆ ಸರಿದಿರುತ್ತದೆ. ಆ ಚಿತ್ರಕ್ಕೆ ಹೊಂದಿಕೊಳ್ಳಲು ಹೋದವರು ತಮಗೆ ಅರಿವಿಲ್ಲದೆಯೇ ತುದಿಗೆ ಹೋಗಿರುತ್ತಾರೆ.

ಪ್ರಶ್ನೆ: ಗುಂಪು ಸೇರಿದರೆ ಜನ ದುಡುಕುತ್ತಾರೆ ಎಂದು ಓದಿದ್ದೆ. ಇದು ಅದೇ ತಾನೇ?

ಕತೆ ಶುರುವಾದದ್ದು ಅಲ್ಲಿಂದಲೇ. 1961ರಲ್ಲಿ ಜೇಮ್ಸ್ ಸ್ಟೋನರ್ ಎಂಬ ವಿದ್ಯಾರ್ಥಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕೆಂದು ಒಂದು ಪ್ರಯೋಗ ಮಾಡಿದ. ಹನ್ನೆರಡು ಸಂದಿಗ್ಧ ಸನ್ನಿವೇಶಗಳನ್ನು ಕೊಟ್ಟ. ಉದಾಹರಣೆಗೆ, ಭದ್ರವಾದ ಸಾಧಾರಣ ಸಂಬಳದ ಕೆಲಸದಲ್ಲಿರುವ ಎಂಜಿನಿಯರ್ ಒಬ್ಬನಿಗೆ ಹೊಸ ಕಂಪನಿಯಿಂದ ಕರೆ ಬಂದಿದೆ, ಸಂಬಳ ಜಾಸ್ತಿ, ಕಂಪನಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಯಶಸ್ಸಿನ ಸಾಧ್ಯತೆ ಹತ್ತರಲ್ಲಿ ಎಷ್ಟಿದ್ದರೆ ಹೋಗು ಎನ್ನುತ್ತೀರಿ? ಒಂಟಿಯಾಗಿ ಉತ್ತರಿಸಿದ್ದಕ್ಕಿಂತ ಗುಂಪಾಗಿ ಚರ್ಚಿಸಿದಾಗ ಹೆಚ್ಚು ಅಪಾಯದ ಸಲಹೆ ಬಂತು. ಸಮಿತಿಗಳೆಂದರೆ ಹಿಂಜರಿಕೆ ಎಂಬ ಅಂದಿನ ನಂಬಿಕೆಗೆ ಇದು ತಿರುಗುಬಾಣವಾಯಿತು.

ಆದರೆ ಅದೇ ಪಟ್ಟಿಯ ಒಂದೆರಡು ಸನ್ನಿವೇಶಗಳಲ್ಲಿ ಗುಂಪು ಎಚ್ಚರಿಕೆಯ ಕಡೆಗೆ ಸರಿಯುತ್ತಿತ್ತು. ಅದನ್ನು ವಿವರಿಸಿಕೊಟ್ಟವರು ಮಾಸ್ಕೊವಿಚಿ ಮತ್ತು ಜಾವಲೋನಿ. 1969ರ ಅವರ ಅಧ್ಯಯನದಲ್ಲಿ ಅಪಾಯದ ಮಾತೇ ಇರಲಿಲ್ಲ. ಫ್ರಾನ್ಸಿನ ವಿದ್ಯಾರ್ಥಿಗಳಿಗೆ ಅಧ್ಯಕ್ಷ ದ ಗಾಲ್ ಬಗ್ಗೆ ಮೊದಲೇ ಒಲವಿತ್ತು, ಚರ್ಚೆಯ ನಂತರ ಹೆಚ್ಚಾಯಿತು. ಅಮೆರಿಕನ್ನರ ಬಗ್ಗೆ ಅಸಮಾಧಾನವಿತ್ತು, ಅದೂ ಹೆಚ್ಚಾಯಿತು. ದುಡುಕುವವರು ಕೂತರೆ ದುಡುಕು ಬೆಳೆಯುತ್ತದೆ, ಹೆದರುವವರು ಕೂತರೆ ಹೆದರಿಕೆ. ಅತಿ ಎಚ್ಚರದ ಸಮಿತಿಗಳಿಂದಾಗುವ ಹಾನಿ ಕಣ್ಣಿಗೆ ಬೀಳುವುದು ಕಡಿಮೆ, ಆದರೆ ಅದೂ ಹಾನಿಯೇ.

ಪ್ರಶ್ನೆ: ಸಭೆಯಲ್ಲಿ ಮುಖ ಉಳಿಸಿಕೊಳ್ಳಲು ಹೌದೆನ್ನುತ್ತಾರೆ, ಮನೆಗೆ ಹೋದ ಮೇಲೆ ಹಳೆಯ ಅಭಿಪ್ರಾಯಕ್ಕೇ ಮರಳುತ್ತಾರೆ ಅಲ್ಲವೇ?

ಕೆಲವರು ಹಾಗೆ ಮಾಡುತ್ತಾರೆ. ಆದರೆ ಧ್ರುವೀಕರಣ ಅಷ್ಟಕ್ಕೇ ಮುಗಿಯುವುದಿಲ್ಲ. 2005ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಎರಡು ಊರುಗಳಲ್ಲಿ, ಉದಾರವಾದಿಗಳು ಹೆಚ್ಚಿರುವ ಬೌಲ್ಡರ್ ಮತ್ತು ಸಂಪ್ರದಾಯವಾದಿಗಳು ಹೆಚ್ಚಿರುವ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ, ಜನರನ್ನು ಸಣ್ಣ ಗುಂಪುಗಳಾಗಿ ಕೂರಿಸಿ ಹವಾಮಾನ ಒಪ್ಪಂದ, ಮೀಸಲು ಅವಕಾಶ, ಸಲಿಂಗಿ ಜೋಡಿಗಳ ಸಂಬಂಧಕ್ಕೆ ಕಾನೂನಿನ ಮಾನ್ಯತೆ ಎಂಬ ಮೂರು ವಿಷಯಗಳನ್ನು ಚರ್ಚೆಗೆ ಕೊಟ್ಟರು. ಚರ್ಚೆಗೆ ಮೊದಲೂ ಆಮೇಲೂ ಪ್ರತಿಯೊಬ್ಬರಿಂದ ಗುಟ್ಟಾಗಿ ಅಭಿಪ್ರಾಯ ಬರೆಸಿಕೊಂಡರು. ಯಾರೂ ನೋಡದಾಗ ಬರೆದ ಆ ಉತ್ತರಗಳಲ್ಲೇ ಬೌಲ್ಡರಿನವರು ಇನ್ನಷ್ಟು ಎಡಕ್ಕೂ ಸ್ಪ್ರಿಂಗ್ಸ್‌ನವರು ಇನ್ನಷ್ಟು ಬಲಕ್ಕೂ ಸರಿದಿದ್ದರು. ಗುಂಪಿನೊಳಗೆ ಮೊದಲು ಇದ್ದ ವೈವಿಧ್ಯವೂ ಕುಗ್ಗಿತ್ತು. ಈ ಎರಡನೆಯದೇ ನಮಗೆ ಹೆಚ್ಚು ಕಳವಳ ತರುವ ಸಂಗತಿ. ಚರ್ಚೆಗೆ ಮುಂಚೆ ಎರಡು ಊರಿನವರ ನಡುವೆ ಕೆಲವರಾದರೂ ಒಂದೇ ಮಾತಾಡುವವರಿದ್ದರು, ಆಮೇಲೆ ಅಂಥವರು ಕಡಿಮೆಯಾದರು.

ಪ್ರಶ್ನೆ: ಸಭೆ ನಡೆಸುವುದು ನನ್ನ ಕೆಲಸ, ಚರ್ಚೆಯನ್ನೇ ಬಿಡಲಾಗುವುದಿಲ್ಲ. ಐದರಿಂದ ಒಂಬತ್ತು ಜನರ ಸಭೆಗೆ ಹೊಂದುವ ಕ್ರಮವನ್ನು ವಿವರವಾಗಿ ತಿಳಿಸಿ.

ಎಲ್ಲಕ್ಕಿಂತ ಮೊದಲು ಚೀಟಿ. ವಿಷಯ ಓದಿ ಹೇಳಿದ ತಕ್ಷಣ, ಯಾರೂ ಬಾಯಿ ತೆರೆಯುವ ಮುನ್ನ, ನಾಲ್ಕೈದು ನಿಮಿಷ ಮೌನ. ಪ್ರತಿಯೊಬ್ಬರೂ ಮೂರು ಸಂಗತಿ ಬರೆಯಲಿ: ತಮ್ಮ ನಿಲುವು ಅಂಕಿಯಲ್ಲಿ (ಪೂರ್ತಿ ವಿರೋಧಕ್ಕೆ −3ರಿಂದ ಪೂರ್ತಿ ಪರಕ್ಕೆ +3, ಇಲ್ಲವೇ ಇಷ್ಟು ತಿಂಗಳು, ಇಷ್ಟು ಮೊತ್ತ), ಅದಕ್ಕೆ ಎರಡು ಕಾರಣ, ತಮ್ಮ ನಿಲುವಿಗೆ ವಿರುದ್ಧವಾಗಿ ತಮಗೇ ಗೊತ್ತಿರುವ ಒಂದು ಕಾರಣ. ಮೂರನೆಯದನ್ನು ಖಾಲಿ ಬಿಡಲು ಬಿಡಬೇಡಿ. ಮೇಲಿನ ಲೆಕ್ಕದಲ್ಲಿ ಬಾಯಿಗೆ ಬಾರದೆ ಉಳಿದ ಆ ಒಂದು ವಿರೋಧ ಕಾರಣ ಹೊರಬರುವುದು ಇಲ್ಲಿಂದಲೇ. ಚೀಟಿಗೆ ಹೆಸರು ಬೇಡ. ಆದರೆ ಆಮೇಲೆ ಹೋಲಿಸಿ ನೋಡಲು ಅವರವರಿಗೇ ಗೊತ್ತಿರುವ ಒಂದು ಗುರುತು ಹಾಕಿಕೊಳ್ಳಲಿ.

ಚೀಟಿಗಳನ್ನು ಕಾರ್ಯದರ್ಶಿ ತೆಗೆದುಕೊಂಡು ಕಾರಣಗಳನ್ನು ಮಾತ್ರ ಬೋರ್ಡಿನ ಮೇಲೆ ಎರಡು ಕಾಲಂ ಮಾಡಿ ಬರೆಯಬೇಕು. ಅಂಕಿಗಳನ್ನು ಓದಬಾರದು, ಸರಾಸರಿಯನ್ನೂ ಹೇಳಬಾರದು. ಬಹಳ ಜನ ತಪ್ಪುವುದು ಇಲ್ಲೇ. ‘ಐದು ಜನ ಪರ ಇದ್ದೀರಿ’ ಎಂದು ಉತ್ಸಾಹದಿಂದ ಘೋಷಿಸಿದರೆ ಹೋಲಿಕೆಯ ಯಂತ್ರಕ್ಕೆ ನೀವೇ ಕೀಲಿ ಕೊಟ್ಟಂತೆ. ಕೈ ಎತ್ತಿಸಿ ಶುರು ಮಾಡಿದರೂ, ಅಧ್ಯಕ್ಷರು ‘ನನ್ನ ಅಭಿಪ್ರಾಯ ಇದು, ಆದರೂ ನೀವು ಮುಕ್ತವಾಗಿ ಮಾತಾಡಿ’ ಎಂದರೂ ಆಗುವುದು ಅದೇ. ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ಚರ್ಚೆ ನಡೆದಿದ್ದರೆ ಈ ಚೀಟಿಗೆ ಬೆಲೆಯಿಲ್ಲ. ಅಂಥ ಕಡೆ ವಿಷಯವನ್ನು ಸಭೆಯಲ್ಲೇ ಮೊದಲ ಬಾರಿಗೆ ಕೊಡಿ, ಇಲ್ಲವೇ ಚೀಟಿಯನ್ನೂ ಸೂಚನಾಪತ್ರದ ಜೊತೆಯಲ್ಲೇ ಕಳಿಸಿ ವಾಪಸ್ ತರಿಸಿಕೊಳ್ಳಿ.

ಮಾತು ಶುರುವಾದಾಗ ಮೊದಲ ಸುತ್ತು ನಿಲುವಿಲ್ಲದೆ ನಡೆಯಲಿ: ಯಾರ ಬಳಿ ಬೇರೆಯವರಿಗೆ ಗೊತ್ತಿಲ್ಲದ ಮಾಹಿತಿ ಇದೆ? ಹೀಗೆ ಕೇಳಿಯೇ ತೆಗೆಯಬೇಕು, ತಾನಾಗಿ ಬರುವುದಿಲ್ಲ. ಸ್ಟಾಸರ್ ಮತ್ತು ಟೈಟಸ್ 1985ರಲ್ಲಿ ನಾಲ್ಕು ಜನರ ಗುಂಪುಗಳಿಗೆ ವಿದ್ಯಾರ್ಥಿ ಸಂಘದ ಅಧ್ಯಕ್ಷನನ್ನು ಆರಿಸಲು ಹೇಳಿದರು. ಎಲ್ಲ ಮಾಹಿತಿಯೂ ಎಲ್ಲರ ಕೈಯಲ್ಲಿದ್ದಾಗ ನೂರಕ್ಕೆ 83 ಗುಂಪುಗಳು ಉತ್ತಮ ಅಭ್ಯರ್ಥಿಯನ್ನೇ ಆರಿಸಿದವು. ಅದೇ ಮಾಹಿತಿಯನ್ನು ನಾಲ್ವರ ನಡುವೆ ಹಂಚಿ ಕೊಟ್ಟಾಗ ಕಾಲು ಭಾಗದಷ್ಟು ಗುಂಪುಗಳೂ ಸರಿಯಾಗಿ ಆರಿಸಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನೇ ಮಾತಾಡಿಕೊಂಡು ಕೂತರು.

ಎರಡನೆಯ ಸುತ್ತಿನಲ್ಲಿ ನಿಲುವು ಬರಲಿ, ಕಿರಿಯರಿಂದ ಮೊದಲಾಗಿ. ಯೆಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಗ್ರಂಥ ಮಿಶ್ನಾದಲ್ಲೇ ಈ ಜಾಣತನವಿದೆ: ಹಣಕಾಸಿನ ವ್ಯಾಜ್ಯದಲ್ಲಿ ಹಿರಿಯ ನ್ಯಾಯಾಧೀಶನಿಂದ ಅಭಿಪ್ರಾಯ ಶುರುವಾದರೂ, ಮರಣದಂಡನೆಯ ಪ್ರಕರಣದಲ್ಲಿ ಕಿರಿಯರಿಂದ ಶುರುವಾಗಬೇಕು. ಬೋರ್ಡಿನ ಮೇಲೆ ಆಗಲೇ ಇರುವ ಕಾರಣವನ್ನು ಯಾರಾದರೂ ಮತ್ತೆ ಹೇಳಿದರೆ ಅದರ ಪಕ್ಕ ಒಂದು ಗೀಟು ಹಾಕಿ ಮುಂದೆ ಹೋಗಿ. ಒಂದೇ ಕಾರಣವನ್ನು ಐದು ಬಾಯಲ್ಲಿ ಕೇಳಿದರೆ ಐದು ಕಾರಣ ಕೇಳಿದಂತೆ ಅನ್ನಿಸುತ್ತದೆ. ಆ ಭ್ರಮೆಯನ್ನು ಒಡೆಯಲು ಗೀಟಿಗಿಂತ ಸುಲಭದ ಸಾಧನ ಇಲ್ಲ.

ಕೊನೆಗೆ ಎರಡನೇ ಚೀಟಿ, ಅದೂ ಗುಟ್ಟಾಗಿ. ಎರಡೂ ಸಲದ ಚೀಟಿಗಳ ಅಂಕಿಗಳನ್ನು ಈಗ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ. ಏಳು ಜನರ ಸಮಿತಿಯಲ್ಲಿ ಮೊದಲು 0, 0, 1, 1, 2, 2, 3 ತಿಂಗಳು ಎಂದಿದ್ದು, ಆಮೇಲೆ 4, 5, 6, 6, 6, 6, 6 ಆಗಿದ್ದರೆ ಅಲ್ಲಿಗೇ ನಿಲ್ಲಿಸಿ. ಮೊದಲು ಅತಿ ಕಠಿಣವಾಗಿದ್ದವರ ಅಂಕಿ 3. ಈಗ ಅತಿ ಮೆತ್ತಗಿರುವವರೂ ಅದನ್ನು ದಾಟಿದ್ದಾರೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಚೀಟಿ ಬರೆಯುವಾಗ ಗೊತ್ತಿಲ್ಲದ ಯಾವ ಹೊಸ ಸಂಗತಿ ಈ ನಡುವೆ ತಿಳಿಯಿತು? ಬೋರ್ಡಿನಲ್ಲಿ ಅಂಥದ್ದನ್ನು ಬೆರಳಿಟ್ಟು ತೋರಿಸಲಾದರೆ ಜರುಗುವಿಕೆಗೆ ಆಧಾರವಿದೆ. ಗೀಟುಗಳಷ್ಟೇ ಹೆಚ್ಚಿದ್ದರೆ ತೀರ್ಮಾನವನ್ನು ಇನ್ನೊಂದು ದಿನಕ್ಕೆ ಮುಂದೂಡಿ, ಇಲ್ಲವೇ ಮೊದಲ ಚೀಟಿಗಳ ಮಧ್ಯದ ಅಂಕಿಗೇ ನಿಲ್ಲಿ. ಮೇಲಿನ ಸಾಲಿನಲ್ಲಿ ಅದು 1 ತಿಂಗಳು.

ಸರ್ವಾನುಮತಕ್ಕಾಗಿ ಹಟ ಹಿಡಿಯಬೇಡಿ. ಎಲ್ಲರೂ ಒಂದೇ ಮಾತಿಗೆ ಬರಲೇಬೇಕೆಂಬ ನಿಯಮವೇ ಅರ್ಧ ಧ್ರುವೀಕರಣ ಮಾಡಿಸುತ್ತದೆ. ಜೇಮ್ಸ್ ಫಿಶ್ಕಿನ್ ರೂಪಿಸಿದ, 1994ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲು ನಡೆದ ಚರ್ಚಾ ಸಮೀಕ್ಷೆಯಲ್ಲಿ ಗುಂಪಿನಿಂದ ತೀರ್ಮಾನ ಕೇಳುವುದೇ ಇಲ್ಲ. ಲಾಟರಿಯಂತೆ ಆರಿಸಿದ ಮಿಶ್ರ ಗುಂಪು, ಎರಡೂ ಕಡೆಯ ವಾದವಿರುವ ಓದಿನ ಕೈಪಿಡಿ, ಮಾತಿನ ಹಂಚಿಕೆ ನೋಡಿಕೊಳ್ಳುವ ನಿರ್ವಾಹಕ, ಕೊನೆಗೆ ಒಬ್ಬೊಬ್ಬರಿಗೂ ಪ್ರತ್ಯೇಕ ಗುಟ್ಟಿನ ಪ್ರಶ್ನಾವಳಿ. ಇಂಥ ಗುಂಪುಗಳು ಒಂದೇ ತುದಿಗೆ ಸರಿಯುವ ನಿಯತ ಚಾಳಿ ತೋರಿಸಿಲ್ಲ.

ಪ್ರಶ್ನೆ: ಒಬ್ಬರನ್ನು ಬೇಕೆಂದೇ ಎದುರುವಾದಿಯಾಗಿ ನೇಮಿಸಿದರೆ ಆಗದೇ?

ಹೇಳಿದಷ್ಟು ಫಲವಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಚಾರ್ಲನ್ ನೆಮೆತ್ ಮತ್ತು ಸಂಗಡಿಗರು 2001ರಲ್ಲಿ ಪಾತ್ರಕ್ಕಾಗಿ ವಿರೋಧಿಸುವವರನ್ನೂ ಮನಸಾರೆ ವಿರೋಧಿಸುವವರನ್ನೂ ಹೋಲಿಸಿ ನೋಡಿದರು. ನಿಜವಾಗಿ ಒಪ್ಪದವರು ಎದುರಿಗಿದ್ದಾಗ ಉಳಿದವರು ಹೊಸದಾಗಿ ಯೋಚಿಸಿದರು. ಪಾತ್ರಧಾರಿ ಎದುರಿಗಿದ್ದಾಗ ತಮ್ಮ ಹಳೆಯ ನಿಲುವಿಗೇ ಇನ್ನಷ್ಟು ಊರುಗೋಲು ಹುಡುಕಿಕೊಂಡರು. ‘ವಿರೋಧವನ್ನೂ ಕೇಳಿದ್ದೇವೆ’ ಎಂಬ ಸಮಾಧಾನ ಬೇರೆ! ನಿಜವಾಗಿ ಒಪ್ಪದ ಒಬ್ಬರನ್ನು ಸಮಿತಿಗೆ ತನ್ನಿ. ಇಬ್ಬರನ್ನು ತಂದರೆ ಇನ್ನೂ ಒಳ್ಳೆಯದು, ಒಂಟಿಯಾದವರು ಬೇಗ ಮೌನಕ್ಕೆ ಜಾರುತ್ತಾರೆ. ಒಳಗೆ ಅಂಥವರೇ ಇಲ್ಲದಿದ್ದರೆ ಹೊರಗಿನವರಿಂದ ಒಂದು ಪುಟ ಬರೆಸಿಕೊಂಡು ಚೀಟಿಗೆ ಮುಂಚೆ ಎಲ್ಲರಿಗೂ ಓದಲು ಕೊಡಿ.

ಪ್ರಶ್ನೆ: ನಮ್ಮ ವಾಟ್ಸಾಪ್ ಗುಂಪು ಮೊದಲು ತಮಾಷೆಯಾಗಿತ್ತು, ಈಗ ಬೆಂಕಿ ಕಾರುತ್ತದೆ. ಎದುರು ಅಭಿಪ್ರಾಯದ ಸಂದೇಶಗಳನ್ನು ದಿನವೂ ಹಾಕಿದರೆ ತಣ್ಣಗಾಗುತ್ತದೆಯೇ?

ಆಗದಿರುವ ಸಂಭವವೇ ಹೆಚ್ಚು, ಉಲ್ಟಾ ಹೊಡೆಯಲೂಬಹುದು. 2018ರಲ್ಲಿ ಕ್ರಿಸ್ ಬೇಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಟ್ವಿಟರ್ ಬಳಕೆದಾರರಿಗೆ ಒಂದು ತಿಂಗಳ ಕಾಲ, ದಿನಕ್ಕೆ 24ರಂತೆ, ಎದುರು ಪಕ್ಷದವರ ಸಂದೇಶಗಳನ್ನು ತೋರಿಸಿದರು. ರಿಪಬ್ಲಿಕನ್ನರು ಮೊದಲಿಗಿಂತ ಹೆಚ್ಚು ಸಂಪ್ರದಾಯವಾದಿಗಳಾದರು. ಡೆಮಾಕ್ರಾಟರಲ್ಲಿ ಕಂಡ ಬದಲಾವಣೆ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಎದುರಾಳಿಯ ಘೋಷಣೆ ಕಿವಿಗೆ ಬಿದ್ದರೆ ‘ನಾವು – ಅವರು’ ಗೆರೆ ದಪ್ಪವಾಗುತ್ತದೆ, ತಕ್ಕಡಿಗೆ ಕಾರಣ ಬೀಳುವುದಿಲ್ಲ.

ಗುಂಪು ಬಿಸಿಯಾಗುವುದಕ್ಕೆ ಇನ್ನೊಂದು ಕಾರಣ ಕಣ್ಣಿಗೆ ಕಾಣದ್ದು: ಬಿಟ್ಟುಹೋದವರು. ಐವತ್ತು ಜನರಲ್ಲಿ ಮಧ್ಯದ ಹತ್ತು ಜನ ಬೇಸತ್ತು ಹೊರನಡೆದರೆ, ಉಳಿದವರಲ್ಲಿ ಒಬ್ಬರೂ ಮನಸ್ಸು ಬದಲಿಸದೆಯೇ ಸರಾಸರಿ ತುದಿಗೆ ಸರಿಯುತ್ತದೆ. ಅವರು ಹೊರಡುವ ಮುನ್ನ ಮಾತಾಡಿಸಿ. ಗುಂಪಿನಲ್ಲಿ ವಾದಕ್ಕಿಳಿಯುವ ಬದಲು ಒಬ್ಬೊಬ್ಬರಿಗೇ ಖಾಸಗಿಯಾಗಿ ಬರೆಯಿರಿ. ನೋಡುವ ಕಣ್ಣುಗಳಿಲ್ಲದಾಗ ‘ಹೌದು, ಅದು ಸ್ವಲ್ಪ ಅತಿಯಾಯಿತು’ ಎಂದು ಒಪ್ಪಿಕೊಳ್ಳುವುದು ಎಷ್ಟೋ ಸಲೀಸು. ಅಡ್ಮಿನ್ ಆಗಿದ್ದರೆ ಒಂದು ನಿಯಮ ತನ್ನಿ: ಫಾರ್ವರ್ಡ್ ಮಾಡಿದವರು ಅದರಲ್ಲಿ ಹೊಸದೇನಿದೆ ಎಂದು ತಮ್ಮ ಮಾತಿನಲ್ಲಿ ಒಂದು ಸಾಲು ಬರೆಯಬೇಕು. ಅರ್ಧದಷ್ಟು ಫಾರ್ವರ್ಡುಗಳಿಗೆ ಆ ಒಂದು ಸಾಲು ಹುಟ್ಟುವುದೇ ಇಲ್ಲ.

ಪ್ರಶ್ನೆ: ತುಳಿತಕ್ಕೊಳಗಾದವರು ತಮ್ಮತಮ್ಮಲ್ಲೇ ಕೂತು ಮಾತಾಡಿ ಗಟ್ಟಿಯಾಗುವುದೂ ತಪ್ಪೇ?

ಖಂಡಿತ ಅಲ್ಲ. ದೊಡ್ಡ ಸಭೆಯಲ್ಲಿ ಬಾಯಿ ತೆರೆಯಲು ಅಂಜುವವರಿಗೆ ಮೊದಲು ತಮ್ಮವರ ನಡುವೆ ಮಾತು ಹುಟ್ಟಬೇಕು. ಅಲ್ಲಿ ಬಲಗೊಂಡ ವಾದ ಆಮೇಲೆ ಎಲ್ಲರ ಮುಂದೆ ಬಂದರೆ ಇಡೀ ಸಮಾಜದ ಕಾರಣಗಳ ಕಣಜ ಹಿಗ್ಗುತ್ತದೆ. ಅಭಿಪ್ರಾಯ ತುದಿಯಲ್ಲಿದೆ ಎಂದ ಮಾತ್ರಕ್ಕೆ ತಪ್ಪೂ ಅಲ್ಲ. ಗುಲಾಮಗಿರಿ ಪೂರ್ತಿ ಅಳಿಯಬೇಕು ಎನ್ನುವುದೂ ಒಂದು ಕಾಲದಲ್ಲಿ ತುದಿಯ ಮಾತಾಗಿತ್ತು.

ಪ್ರಶ್ನೆ: ನನ್ನ ಮನಸ್ಸು ಒಳ್ಳೆಯ ವಾದಕ್ಕೆ ಸೋತು ಬದಲಾಯಿತೋ, ಗುಂಪಿನ ಸೆಳೆತಕ್ಕೋ? ತಿಳಿಯುವುದು ಹೇಗೆ?

ಬದಲಾಗಿದೆ ಎಂದು ನಿಮಗೆ ಗೊತ್ತಾಗಿರುವುದೇ ದೊಡ್ಡದು. ಗೋಯಥಲ್ಸ್ ಮತ್ತು ರೆಕ್ಮನ್ 1973ರಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳನ್ನು, ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಶಾಲೆಗಳಿಗೆ ಕಳಿಸಿ ವರ್ಣಭೇದ ತಗ್ಗಿಸುವ ಯೋಜನೆಯ ಬಗ್ಗೆ ಚರ್ಚೆಗೆ ಕೂರಿಸಿದರು. ಚೆನ್ನಾಗಿ ವಾದಿಸಬಲ್ಲ ತಮ್ಮ ಕಡೆಯವನೊಬ್ಬನನ್ನು ಸಂಶೋಧಕರು ಗುಟ್ಟಾಗಿ ಗುಂಪಿನಲ್ಲಿ ಸೇರಿಸಿದ್ದರು. ವಿದ್ಯಾರ್ಥಿಗಳ ಅಭಿಪ್ರಾಯ ಬದಲಾಯಿತು. ಮೊದಲು ಏನು ಬರೆದಿದ್ದಿರಿ, ನೆನಪಿಸಿಕೊಳ್ಳಿ ಎಂದಾಗ ಅವರು ಹೇಳಿದ್ದು ಈಗಿನ ಹೊಸ ಅಭಿಪ್ರಾಯವನ್ನೇ. ಮೊದಲಿನಿಂದಲೂ ಹೀಗೇ ಅಂದುಕೊಂಡಿದ್ದೆವು ಎಂಬುದು ಅವರ ಪ್ರಾಮಾಣಿಕ ನಂಬಿಕೆ.

ಆದ್ದರಿಂದ ಇಲ್ಲಿ ನೆನಪನ್ನು ಸಾಕ್ಷಿಗೆ ಕರೆಯಬೇಡಿ. ಮುಖ್ಯ ಚರ್ಚೆಗೆ ಹೋಗುವ ಮುನ್ನ ಒಂದು ಸಾಲಿನಲ್ಲಿ ನಿಮ್ಮ ನಿಲುವು ಬರೆದು ತಾರೀಕು ಹಾಕಿ. ಒಂದು ವಾರ ಕಳೆದ ಮೇಲೆ ತೆಗೆದು ಓದಿ, ಈಗಿನ ನಿಲುವನ್ನು ಅದರ ಕೆಳಗೆ ಬರೆಯಿರಿ. ಎರಡರ ನಡುವೆ ಅಂತರವಿದ್ದರೆ, ಆ ಅಂತರಕ್ಕೆ ಕಾರಣವಾದ ಸಂಗತಿ ಯಾವುದೆಂದು ನಡುವಿನ ಖಾಲಿ ಜಾಗದಲ್ಲಿ ಬರೆಯಲು ನೋಡಿ. ಸಂಗತಿಯ ಬದಲು ಯಾರದೋ ಹೆಸರೋ ‘ಎಲ್ಲರೂ’ ಎಂಬ ಪದವೋ ಪೆನ್ನಿಗೆ ಬಂದರೆ, ನಿಮ್ಮ ಪ್ರಶ್ನೆಗೆ ಉತ್ತರ ಆ ಕಾಗದದಲ್ಲೇ ಇದೆ.